'ಸಾಕು' ಅನ್ನುವ ಜೀವಕೋಶ

ಶಿಡ್ಲಘಟ್ಟದ ನಮ್ಮ ಚಿಕ್ಕಮ್ಮನ ಮನೆ ಹತ್ತಿರ ಬಂತು ಅಂತ ಮೂಗೇ ಹೇಳುತ್ತದೆ. ಬೇಯುವ ರೇಷ್ಮೆಗೂಡಿನ ವಾಸನೆ. ಚಿಕ್ಕಮ್ಮ ಬಿಸಿನೀರಿನ ಮುಂದೆ ಕೂತು ಗೂಡಿನ ಎಳೆ ಹುಡುಕುತ್ತಿರುತ್ತಾರೆ. ಮಧ್ಯೆ ಮಧ್ಯೆ ಸೀನು. ಸಂಜೆಯಾದರೆ ಎದೆಯಲ್ಲಿ ಗುಯ್ ಗುಯ್. ಹೋದ ತಿಂಗಳು ಹೋದಾಗ ಮುಚ್ಚಿದ ಕಿಟಕಿಗೆ ಒರಗಿಸಿ ಹಸಿರು ಬಾಟಲಿಯೊಂದನ್ನು ಇಟ್ಟಿದ್ದರು. ಮೇಲೆ ದಪ್ಪಕ್ಷರದಲ್ಲಿ 'ಇಮ್ಯುನಿಟಿ ಬೂಸ್ಟರ್'.

"ರೋಗ ತಡೆಯೋ ಶಕ್ತಿ ಕಮ್ಮಿ ಆಗಿದೆಯಂತೆ ಕಣಪ್ಪಾ, ಅದಕ್ಕೇ ಈ ಸೀನು ಅಂದ್ರು" ಅಂದರು.

ನನಗೆ ಸಿಟ್ಟು ಬಂತು. ಚಿಕ್ಕಮ್ಮನ ಮೇಲಲ್ಲ, ಬಾಟಲಿ ಮಾರಿದವನ ಮೇಲೆ. ನೂಲು ಬಿಚ್ಚುವವರಲ್ಲಿ ಅಲರ್ಜಿ, ಆಸ್ತಮಾ ಕಾಣಿಸಿಕೊಳ್ಳುವುದು ವೈದ್ಯರಿಗೆ ಹಳೆಯ ವಿಷಯ. ಗೂಡಿನ, ಹುಳುವಿನ ಪ್ರೋಟೀನು ಉಸಿರಿನ ಜೊತೆ ಒಳಗೆ ಹೋಗುತ್ತದೆ. ಅದೇನು ರೋಗಾಣುವಲ್ಲ. ಆದರೂ ಮೈಯೊಳಗಿನ ಕಾವಲು ಪಡೆ ಕಳ್ಳ ಬಂದ ಅಂತ ಬೊಬ್ಬೆ ಹೊಡೆಯುತ್ತದೆ. ಆ ಪಡೆಯ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಚೆಲ್ಲುತ್ತವೆ, ಮೂಗು ಸೋರುತ್ತದೆ, ಉಸಿರಿನ ಕೊಳವೆ ಬಿಗಿಯುತ್ತದೆ. ಇದು ಇಮ್ಯುನಿಟಿ ಕಮ್ಮಿಯಾಗಿ ಆದದ್ದಲ್ಲ, ಬೇಡದ ಕಡೆ ಜಾಸ್ತಿಯಾಗಿ ಆದದ್ದು. ಉಕ್ಕುತ್ತಿರುವ ಹಾಲಿಗೆ ಇನ್ನೊಂದು ಸೌದೆ ಯಾಕೆ ಬೇಕು? ಪುಣ್ಯಕ್ಕೆ, ಆ ಬಾಟಲಿಗೆ ಅಷ್ಟೆಲ್ಲ ಶಕ್ತಿ ಇರಲಿಕ್ಕಿಲ್ಲ.

ರೇಷ್ಮೆಗೂ ರೋಗದ ವಿಜ್ಞಾನಕ್ಕೂ ನಂಟು ಹಳೆಯದು. 1865ರಲ್ಲಿ ಫ್ರಾನ್ಸಿನ ರೇಷ್ಮೆ ಬೆಳೆಗಾರರು ಹುಳುಗಳಿಗೆ ಬಂದ ಪೆಬ್ರಿನ್ ರೋಗದಿಂದ ಕಂಗಾಲಾಗಿದ್ದಾಗ ಲೂಯಿ ಪಾಶ್ಚರ್‌ಗೆ ಕರೆ ಹೋಯಿತು. ರೇಷ್ಮೆ ಹುಳುವಿನ ಗಂಧಗಾಳಿ ಗೊತ್ತಿರಲಿಲ್ಲ ಆತನಿಗೆ. ಆದರೂ ದಾರಿ ಹುಡುಕಿದ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡಿ, ರೋಗ ಕಂಡರೆ ಅದರ ಮೊಟ್ಟೆ ಬಿಸಾಡಿ ಅಂದ. ಬಿತ್ತನೆ ಮೊಟ್ಟೆ ತಯಾರಿಸುವ ಕಡೆ ಇವತ್ತಿಗೂ ತಾಯಿ ಚಿಟ್ಟೆಯ ಪರೀಕ್ಷೆ ಆಗುತ್ತದೆ. 1885ರಲ್ಲಿ ಇದೇ ಪಾಶ್ಚರ್ ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕೊಟ್ಟ. ಅಲ್ಲಿಂದ ಬಹುಕಾಲ ವಿಜ್ಞಾನಿಗಳ ಕಣ್ಣು ಹೆಚ್ಚಾಗಿ ಒಂದೇ ಕಡೆ. ಮೈ ರೋಗಾಣುವಿನ ಮೇಲೆ ಹೇಗೆ ಬೀಳುತ್ತದೆ? ಬಿದ್ದ ಮೇಲೆ ಹೇಗೆ ನಿಲ್ಲಿಸುತ್ತದೆ ಅಂತ ಕೇಳಿದವರು ಕಮ್ಮಿ.

ಜಪಾನಿನ ಶಿಮೊನ್ ಸಕಾಗುಚಿ ಅದರ ಬೆನ್ನು ಹತ್ತಿದರು. ಕಾವಲು ಪಡೆಯ ಬಿಳಿ ರಕ್ತಕಣಗಳಲ್ಲಿ ಒಂದು ಬಗೆ ಟಿ ಕೋಶ. ಅವು ಪಳಗುವುದು ಎದೆಯಲ್ಲಿರುವ ಥೈಮಸ್ ಗ್ರಂಥಿಯಲ್ಲಿ. ಹುಟ್ಟಿ ಮೂರು ದಿನವಾದ ಇಲಿಮರಿಯಲ್ಲಿ ಅದನ್ನು ತೆಗೆದರೆ ಕಾವಲು ಸಡಿಲವಾಗಬೇಕು, ಅಲ್ವಾ? ಆದದ್ದು ಉಲ್ಟಾ. ಕಾವಲು ಪಡೆ ಇಲಿಯ ಅಂಗಾಂಗದ ಮೇಲೇ ತಿರುಗಿಬಿತ್ತು. ಆರೋಗ್ಯವಾಗಿರುವ ಇಲಿಯ ಟಿ ಕೋಶಗಳನ್ನು ಕೊಟ್ಟರೆ ತಣ್ಣಗಾಯಿತು. ಅಂದರೆ ಟಿ ಕೋಶಗಳಲ್ಲೇ ಕೆಲವಕ್ಕೆ ಹೊಡೆಯುವ ಕೆಲಸವಲ್ಲ, ತಡೆಯುವ ಕೆಲಸ. 1995ರಲ್ಲಿ ಸಕಾಗುಚಿ ಅವುಗಳ ಗುರುತು ಹಿಡಿದರು. ಮೈಮೇಲೆ ಸಿಡಿ25 ಎಂಬ ಪ್ರೋಟೀನು. ಹೆಸರು ನಿಯಂತ್ರಕ ಟಿ ಕೋಶ, ಚಿಕ್ಕದಾಗಿ ಟಿ-ರೆಗ್.

2001ರಲ್ಲಿ ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಇನ್ನೊಂದು ಕಡೆಯಿಂದ ಬಂದರು. ಚರ್ಮ ಹೊಟ್ಟೆದ್ದು ಕೆಲವೇ ವಾರದಲ್ಲಿ ಸಾಯುವ ಗಂಡಿಲಿಗಳ ತಳಿಯೊಂದಿತ್ತು. ಕೆಟ್ಟಿದ್ದದ್ದು ಫಾಕ್ಸ್‌ಪಿ3 ಎಂಬ ಒಂದೇ ಜೀನು. ಮನುಷ್ಯರಲ್ಲೂ ಆ ಜೀನು ಕೆಟ್ಟ ಗಂಡುಮಕ್ಕಳಿಗೆ ಐಪೆಕ್ಸ್ ಅನ್ನುವ ಕಾಯಿಲೆ. ಎಳೆಗೂಸಿಗೇ ಸಕ್ಕರೆ ಕಾಯಿಲೆ, ನಿಲ್ಲದ ಭೇದಿ. ಟಿ-ರೆಗ್ ತಯಾರಾಗಲು ಆ ಜೀನೇ ಬೇಕು ಅನ್ನುವುದು ಆಮೇಲೆ ತಿಳಿಯಿತು. ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಬಂತು. ಸುದ್ದಿ ಬಂದಾಗ ರಾಮ್ಸ್‌ಡೆಲ್ ಬೆಟ್ಟ ಸುತ್ತುತ್ತಿದ್ದರು, ಫೋನು ಏರೋಪ್ಲೇನ್ ಮೋಡಿನಲ್ಲಿ!

ಟಿ-ರೆಗ್ ಹೇಗೆ ತಡೆಯುತ್ತದೆ? ನನಗೆ ಇದೇ ಬಲು ಇಷ್ಟದ ಭಾಗ. ಹೊಡೆಯುವ ಟಿ ಕೋಶಗಳು ಒಂದಕ್ಕೆ ನೂರಾಗಲು ಐಎಲ್-2 ಎಂಬ ರಸ ಬೇಕು. ಸಿಡಿ25 ಇರುವುದೇ ಆ ರಸ ಹೀರುವುದಕ್ಕೆ. ಟಿ-ರೆಗ್ ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೇ ಕೂತು ಪಾಯಸ ಖಾಲಿ ಮಾಡುವ ನೆಂಟನ ಥರ. ಹಿಂದಿನ ಪಂಕ್ತಿಯವರಿಗೆ ಬರೀ ಎಲೆ. ಸುಮ್ನೆ ಎದ್ದು ಹೋಗಬೇಕು. ಇನ್ನೊಂದು ಉಪಾಯವೂ ಉಂಟು. ನಂದಿಯ ಜಾತ್ರೆ ನೆನಪಿಸಿಕೊಳ್ಳಿ. ತಮಟೆ ಬಡಿಯುತ್ತಿರುವಷ್ಟು ಹೊತ್ತೂ ಕುಣಿಯುವವರು ನಿಲ್ಲುವುದಿಲ್ಲ. ಕುಣಿಯುವವರ ಜೊತೆ ಜಗಳ ಯಾಕೆ, ತಮಟೆಯನ್ನೇ ಕಿತ್ತುಕೊಂಡರೆ ಆಯಿತು. ಹೊಡೆಯುವ ಕೋಶಗಳನ್ನು ಹುರಿದುಂಬಿಸುವುದು ಡೆಂಡ್ರಿಟಿಕ್ ಕೋಶ. ಅದರ ಮೈಮೇಲಿನ ಹುರಿದುಂಬಿಸುವ ಪ್ರೋಟೀನನ್ನೇ ಟಿ-ರೆಗ್ ಕಿತ್ತು ನುಂಗಿಬಿಡುತ್ತದೆ.

ಹಾಗಂತ ಟಿ-ರೆಗ್ ಜಾಸ್ತಿಯಾದರೆ ಒಳ್ಳೆಯದು ಅಂದುಕೊಳ್ಳಬೇಡಿ. ಎಷ್ಟೋ ಕ್ಯಾನ್ಸರ್ ಗಡ್ಡೆಗಳು ಇವನ್ನೇ ಸುತ್ತ ಸೇರಿಸಿಕೊಂಡು ಕಾವಲಿನವರನ್ನು ಹತ್ತಿರ ಬಿಡುವುದಿಲ್ಲ. ಅಲ್ಲಿ ಇವನ್ನು ಕಮ್ಮಿ ಮಾಡಬೇಕು. ಕಸಿ ಮಾಡಿದ ಕಿಡ್ನಿಯ ಮೇಲೆ ಕಾವಲು ಪಡೆ ಬೀಳದಿರಲು ಜಾಸ್ತಿ ಮಾಡಬೇಕು. ಎರಡೂ ಬಗೆಯ ಪ್ರಯೋಗ ಮನುಷ್ಯರ ಮೇಲೆ ನಡೆಯುತ್ತಿವೆ. ರೋಗಿಯ ರಕ್ತದಿಂದ ಟಿ-ರೆಗ್ ತೆಗೆದು, ಲ್ಯಾಬಿನಲ್ಲಿ ಬೆಳೆಸಿ, ಅವರಿಗೇ ವಾಪಸ್ ಕೊಟ್ಟು ನೋಡುತ್ತಿದ್ದಾರೆ.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಚಿಕ್ಕಮ್ಮ ಅರ್ಧ ಬುಟ್ಟಿ ಗೂಡು ಬಿಚ್ಚಿದ್ದರು.

"ಹಂಗಾದ್ರೆ ಆ ಸಾಕು ಅನ್ನೋದನ್ನ ಬಾಟಲೀಲಿ ಕೊಡಲ್ವಾ?"

"ಇನ್ನೂ ಇಲ್ಲ ಚಿಕ್ಕಮ್ಮ. ಸದ್ಯಕ್ಕೆ ಮಾಸ್ಕ್ ಹಾಕ್ಕೋ. ಎದೆ ಡಾಕ್ಟರಿಗೆ ತೋರಿಸಿ ಇನ್‌ಹೇಲರ್ ತಗೋ."

ಬಾಟಲಿ ಎತ್ತಿ ಪಕ್ಕಕ್ಕಿಟ್ಟು ಕಿಟಕಿ ತೆಗೆದೆ. ಒಳಗಿದ್ದ ಹಬೆಯೆಲ್ಲ ಬೀದಿಗೆ ಹೋಯಿತು.