ಕಟ್ಟೆಯ ಅಡಿ ಲೆಕ್ಕ, ಆಕಾಶದ ಲೆಕ್ಕ

ಜುಲೈ ತಿಂಗಳಲ್ಲಿ ಮಂಡ್ಯ ಜಿಲ್ಲೆಯ ಯಾವ ಹಳ್ಳಿಯ ಟೀ ಅಂಗಡಿಗೆ ಹೋದರೂ ಪತ್ರಿಕೆಯ ಒಂದು ಮೂಲೆ ಎಲ್ಲಕ್ಕಿಂತ ಮೊದಲು ಮಾಸಿರುತ್ತದೆ. ಕೆಆರ್‌ಎಸ್‌ ನೀರಿನ ಮಟ್ಟ ಅಚ್ಚಾಗುವ ಮೂಲೆ ಅದು. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಹತ್ತಾರು ಜನ ಬೆರಳಿಟ್ಟು ಓದಿ ಅಲ್ಲಿನ ಮಸಿ ಹರಡಿಹೋಗಿರುತ್ತದೆ. ನಮ್ಮ ಚಿಕ್ಕಪ್ಪನ ಮೊಬೈಲಿಗೆ ಅದೇ ಅಂಕಿ ಬೆಳಿಗ್ಗೆಯೇ ಬಂದು ಬಿದ್ದಿರುತ್ತದೆ. ಆದರೂ ಪತ್ರಿಕೆಯಲ್ಲಿ ಕಂಡ ಮೇಲೆಯೇ ಅವರಿಗೆ ನಂಬಿಕೆ. ಕಟ್ಟೆ ಒಂದಡಿ ಏರಿದರೆ ಅಂದು ಟೀ ಜೊತೆಗೆ ಬನ್ನೂ ಬರುತ್ತದೆ.

ಆ ಒಂದು ಅಂಕಿ ಸರ್ಕಾರಗಳನ್ನು ನಡುಗಿಸಬಲ್ಲದು. 2023ರ ಸೆಪ್ಟೆಂಬರ್‌ನಲ್ಲಿ ನಡುಗಿಸಿತು ಕೂಡ. ತಮಿಳುನಾಡಿಗೆ 5,000 ಕ್ಯುಸೆಕ್‌ನಂತೆ ಹದಿನೈದು ದಿನ ನೀರು ಬಿಡಬೇಕೆಂಬ ಕಾವೇರಿ ಪ್ರಾಧಿಕಾರದ ಆದೇಶದಲ್ಲಿ ಮಧ್ಯಪ್ರವೇಶಿಸಲು ಸುಪ್ರೀಂ ಕೋರ್ಟ್ 21ರಂದು ಒಪ್ಪಲಿಲ್ಲ. 23ಕ್ಕೆ ಮಂಡ್ಯ ಬಂದ್. 26ಕ್ಕೆ ಬೆಂಗಳೂರು, 29ಕ್ಕೆ ಇಡೀ ಕರ್ನಾಟಕ. ಮಂಡ್ಯದ ಸರ್‌ ಎಂ.ವಿ. ಪ್ರತಿಮೆಯ ಎದುರು ಶಾಮಿಯಾನ ಎದ್ದಿತು, ಹೆದ್ದಾರಿಯಲ್ಲಿ ಎತ್ತಿನ ಗಾಡಿಗಳು ಅಡ್ಡ ನಿಂತವು, ಮಂತ್ರಿಗಳು ದೆಹಲಿಗೆ ಓಡಾಡಿದರು. ಅದಕ್ಕೆ ಹಿಂದಿನ ತಿಂಗಳು, ಅಂದರೆ ಆಗಸ್ಟ್, 1901ರಿಂದ ಲೆಕ್ಕ ಇಟ್ಟಿರುವ ಆಗಸ್ಟ್‌ಗಳಲ್ಲೆಲ್ಲ ದೇಶದ ಪಾಲಿಗೆ ಅತ್ಯಂತ ಒಣ ಆಗಸ್ಟ್ ಆಗಿತ್ತು.

ಆ ಶಾಮಿಯಾನದ ಕೆಳಗೆ ತಮಿಳುನಾಡಿಗೆ ಧಿಕ್ಕಾರ ಕೇಳಿಸಿತು, ಪ್ರಾಧಿಕಾರಕ್ಕೆ ಧಿಕ್ಕಾರ ಕೇಳಿಸಿತು, ಬೆಂಗಳೂರು, ದೆಹಲಿ ಯಾರನ್ನೂ ಬಿಟ್ಟಿರಲಿಲ್ಲ. ಬಿಸಿಯೇರುತ್ತಿರುವ ಭೂಮಿಯ ಬಗ್ಗೆ ಒಂದು ಘೋಷಣೆಯೂ ಇರಲಿಲ್ಲ. ಇದನ್ನು ಅಜ್ಞಾನ ಎಂದು ಮೈಸೂರಿನ ನನ್ನ ಕೆಲವು ಗೆಳೆಯರು ತೀರ್ಮಾನಿಸಿಬಿಟ್ಟರು. ನನಗೆ ಹಾಗನ್ನಿಸುವುದಿಲ್ಲ. ಮಳೆಯ ಹದ ತಪ್ಪಿರುವುದನ್ನು ಪ್ರಬಂಧ ಓದಿ ತಿಳಿಯಬೇಕಾದವರು ನಾವು, ಅವರಲ್ಲ. 2023ರಲ್ಲಿ ಬತ್ತಿದ ಕಟ್ಟೆ 2024ರ ಜುಲೈನಲ್ಲಿ ತುಂಬಿತು. 2025ರಲ್ಲಿ ಜೂನ್ ಮುಗಿಯುವುದರೊಳಗೇ ತುಂಬಿ, ಮುಖ್ಯಮಂತ್ರಿಗಳು ಆ ತಿಂಗಳಲ್ಲೇ ಬಾಗಿನ ಬಿಟ್ಟರು. ಒಂದು ಬರವನ್ನೋ ಒಂದು ನೆರೆಯನ್ನೋ ಎತ್ತಿ ತೋರಿಸಿ ಇದು ಭೂಮಿಯನ್ನು ಬಿಸಿಮಾಡುವ ಇಂಗಾಲದ ಹೊಗೆಯ ಕೆಲಸವೇ ಎಂದು ಹೇಳಲು ವಿಜ್ಞಾನಿಗಳು ಹಿಂಜರಿಯುತ್ತಾರೆ, ಹಿಂಜರಿಯಬೇಕು ಕೂಡ. 2023 ಎಲ್ ನಿನೊ ವರ್ಷವಾಗಿತ್ತು, ಅಂದರೆ ಪೆಸಿಫಿಕ್ ಸಾಗರ ಬಿಸಿಯಾಗಿ ನಮ್ಮ ಮುಂಗಾರು ಸಾಮಾನ್ಯವಾಗಿ ಸೊರಗುವ ವರ್ಷ. ಆದರೆ ಒಂದು ಡಿಗ್ರಿ ಬಿಸಿಯಾದ ಗಾಳಿ ಸುಮಾರು ನೂರಕ್ಕೆ ಏಳರಷ್ಟು ಹೆಚ್ಚು ತೇವ ಹೊತ್ತುಕೊಳ್ಳಬಲ್ಲದು. ಅಂಥ ಗಾಳಿ ಹೀರುವಾಗಲೂ ಜೋರು, ಸುರಿಸುವಾಗಲೂ ಜೋರು. ರೈತನಿಗೆ ಈ ಭೌತಶಾಸ್ತ್ರ ಗೊತ್ತಿಲ್ಲದಿರಬಹುದು, ಅದರ ಪರಿಣಾಮ ಗೊತ್ತಿದೆ.

ಕಾಳಜಿ ಇದೆ, ಬೇಕಾದಷ್ಟಿದೆ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ 125 ದೇಶಗಳ ಸುಮಾರು 1.3 ಲಕ್ಷ ಜನರನ್ನು ಮಾತನಾಡಿಸಿತು. ತಮ್ಮ ಸರ್ಕಾರ ಹವಾಮಾನಕ್ಕಾಗಿ ಇನ್ನೂ ಹೆಚ್ಚು ಮಾಡಬೇಕು ಎಂದವರು ನೂರಕ್ಕೆ 89. ಯಾವ ಪಕ್ಷಕ್ಕೂ ಯಾವ ಚುನಾವಣೆಯಲ್ಲೂ ಸಿಗದ ಬಹುಮತ ಇದು. ಇಷ್ಟು ಬಹುಮತದ ವಿಷಯ ಸರ್ಕಾರದ ಮೇಜಿನ ಮೇಲೆ ಏಕೆ ತೂಕಡಿಸುತ್ತದೆ?

ಉತ್ತರದ ಒಂದು ತುದಿ ನಾಲೆ ಬಯಲಿನಲ್ಲೇ ಇದೆ. ಕೊಡಗಿನಲ್ಲಿ ಎಷ್ಟೇ ಮಳೆ ಹುಯ್ದರೂ ಮದ್ದೂರಿನ ಗದ್ದೆಗೆ ನೀರು ತಾನಾಗಿ ಬರುವುದಿಲ್ಲ. ಕಟ್ಟೆ ಬೇಕು, ವಿಶ್ವೇಶ್ವರಯ್ಯ ನಾಲೆ ಬೇಕು, ಅದಕ್ಕೆ ತೂಬು, ತೂಬಿನ ಬಾಗಿಲು ಎತ್ತಲು ನೀರುಗಂಟಿ. ಇವಿಷ್ಟಿದ್ದೂ ಕೊನೇ ಭಾಗದವರಿಗೆ ನೀರು ತಲುಪಿದರೆ ಪುಣ್ಯ. ಜನರ ಕಾಳಜಿಯೂ ಮಳೆಯ ಹಾಗೆ. ಕಾವೇರಿ ಜಗಳದ ಕಾಳಜಿಗೆ ನೂರು ವರ್ಷಗಳಲ್ಲಿ ನಾಲೆ ತೋಡಿಟ್ಟಿದ್ದೇವೆ: ಒಂದು ಅಂಕಿ, ಒಂದು ಗಡುವು, ಮುತ್ತಿಗೆ ಹಾಕಲು ಒಂದು ಕಚೇರಿ, ಎದುರಿಗೊಬ್ಬ ಎದುರಾಳಿ. 2007ರ ನ್ಯಾಯಮಂಡಳಿ ತೀರ್ಪು, 2018ರ ಸುಪ್ರೀಂ ಕೋರ್ಟ್ ತೀರ್ಪು, ಅದರಲ್ಲಿ ನಮ್ಮ ಪಾಲು 284.75 ಟಿಎಂಸಿ ಎಂಬುದೆಲ್ಲ ಹೈಸ್ಕೂಲು ದಾಟದವರ ಬಾಯಲ್ಲೂ ಇದೆ. ಬರ ಬಂದಾಗ ಜನರ ಸಿಟ್ಟು ಈ ತೋಡಿಟ್ಟ ನಾಲೆಯಲ್ಲಿ ಹರಿಯದೆ ಮತ್ತೆಲ್ಲಿ ಹರಿದೀತು?

ಆಕಾಶಕ್ಕೂ ಒಂದು ಅಳತೆಗೋಲು ಇದೆ ಎನ್ನುವುದು ತಮಾಷೆಯ ಸಂಗತಿ. ಹವಾಯಿ ದ್ವೀಪದ ಮೌನಾ ಲೋವಾ ಎಂಬ ಜ್ವಾಲಾಮುಖಿ ಪರ್ವತದ ಮೇಲೆ 1958ರಿಂದ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಅಳೆಯುತ್ತಾ ಬಂದಿದ್ದಾರೆ. ಆಗ ಹತ್ತು ಲಕ್ಷಕ್ಕೆ ಸುಮಾರು 315 ಭಾಗ ಇತ್ತು; 2025ರ ಮೇ ತಿಂಗಳ ಸರಾಸರಿ 430 ದಾಟಿತು. ಕಾರ್ಖಾನೆಗಳ ಯುಗಕ್ಕೆ ಮೊದಲು 280ರ ಆಸುಪಾಸಿನಲ್ಲಿತ್ತು. ಇದೂ ದಿನಾ ಸಿಗುವ ಅಂಕಿಯೇ, ಕೆಆರ್‌ಎಸ್‌ ಅಂಕಿಯ ಪಕ್ಕದಲ್ಲಿ ಅಚ್ಚು ಹಾಕಲು ಬೆರಳಗಲ ಜಾಗ ಸಾಕು. ಹಾಕಿದರೆ ಯಾರು ತಾನೆ ಬೆರಳಿಟ್ಟು ಓದುತ್ತಾರೆ? ಕಟ್ಟೆಯ ಅಂಕಿ 110 ಎಂದರೆ ನಾಟಿ ಹಾಕುವುದೋ ಬಿಡುವುದೋ ನಿರ್ಧರಿಸಬಹುದು. 430 ಎಂದರೆ ಚಿಕ್ಕಪ್ಪ ಬೆಳಿಗ್ಗೆ ಎದ್ದು ಏನು ಮಾಡಬೇಕು, ಯಾರ ಬಾಗಿಲು ಬಡಿಯಬೇಕು? ಎಣಿಸಿದರಷ್ಟೇ ಸಾಲದು, ಎಣಿಕೆಗೆ ಯಾರಾದರೂ ಹೊಣೆ ಹೊರಬೇಕು. ಸ್ವಚ್ಛ ನಗರಗಳ ಪಟ್ಟಿಯಲ್ಲಿ 2015, 2016ರಲ್ಲಿ ಮೈಸೂರು ದೇಶಕ್ಕೇ ಮೊದಲು ಬಂತು. ಆಮೇಲೆ ಸ್ಥಾನ ಒಂದೆರಡು ಇಳಿದರೂ ನಗರದಲ್ಲಿ ಚರ್ಚೆ, ಪೇಚಾಟ. ಕಸಕ್ಕೆ ರ್‍ಯಾಂಕ್ ಇತ್ತು, ರ್‍ಯಾಂಕಿಗೆ ಹೆಸರು ಕೆಡಿಸಿಕೊಳ್ಳುವ ಊರು ಇತ್ತು. ಹೊಗೆಗೆ ಊರಿಲ್ಲ. ಯಾವುದೇ ಚಿಮಣಿಯಿಂದ ಹೊರಟ ಇಂಗಾಲ ಒಂದೆರಡು ವರ್ಷದೊಳಗೆ ಇಡೀ ಭೂಮಿಯ ಗಾಳಿಯಲ್ಲಿ ಕಲಸಿಹೋಗುತ್ತದೆ, ಅದರಲ್ಲಿ ಗಣನೀಯ ಪಾಲು ನೂರಾರು ವರ್ಷ ಅಲ್ಲೇ ಉಳಿಯುತ್ತದೆ. ನಮ್ಮಲ್ಲಿ ಸರ್ಕಾರದ ಆಯಸ್ಸು ಐದು ವರ್ಷ, ಅದೂ ಅದೃಷ್ಟ ಚೆನ್ನಾಗಿದ್ದರೆ.

ರಾಜಕಾರಣಿಗಳನ್ನು ಬೈಯುವುದು ಸುಲಭ. ಅವರು ಮತದ ಗಣಿತ ಬಲ್ಲವರು, ಆ ಗಣಿತ ಬರೆದುಕೊಟ್ಟವರು ನಾವು. ಅಮೆರಿಕದ ಚುನಾವಣೆಗಳನ್ನು ಜಾಲಾಡಿದ ಇಬ್ಬರು ಸಂಶೋಧಕರು 2009ರಲ್ಲಿ ಒಂದು ಕಹಿ ಲೆಕ್ಕ ಕೊಟ್ಟರು. ವಿಪತ್ತು ಬಂದ ಮೇಲೆ ಪರಿಹಾರ ಹಂಚಿದ ಸರ್ಕಾರಕ್ಕೆ ಮತ ಹೆಚ್ಚುತ್ತದೆ. ವಿಪತ್ತಿಗೆ ಮುಂಚೆಯೇ ತಯಾರಿ ಮಾಡಿದ ಸರ್ಕಾರಕ್ಕೆ ಏನೂ ಹೆಚ್ಚುವುದಿಲ್ಲ. ತಯಾರಿಗೆ ಹಾಕಿದ ಒಂದು ಡಾಲರ್ ಮುಂದೆ ಸುಮಾರು ಹದಿನೈದು ಡಾಲರ್ ನಷ್ಟ ತಪ್ಪಿಸುತ್ತದೆ ಎಂದೂ ಅವರೇ ತೋರಿಸಿದ್ದರು. ಭಾರತದ ಚುನಾವಣೆಗಳ ಮೇಲೆ ನಡೆದ ಮತ್ತೊಂದು ಅಧ್ಯಯನ 2012ರಲ್ಲಿ ಬಂತು. ಮಳೆ ಕೈಕೊಟ್ಟರೆ ನಮ್ಮ ಮತದಾರ ಆಳುವ ಪಕ್ಷವನ್ನು ಶಿಕ್ಷಿಸುತ್ತಾನೆ, ಪರಿಹಾರ ಚುರುಕಾಗಿ ಬಂದರೆ ಶಿಕ್ಷೆಯನ್ನು ಸ್ವಲ್ಪ ಇಳಿಸುತ್ತಾನೆ. ಬಾರದ ಬರಕ್ಕೆ, ಆಗದ ನಷ್ಟಕ್ಕೆ ಯಾರು ಯಾರಿಗೆ ಹಾರ ಹಾಕಿಯಾರು?

2023–24ರ ಬರವನ್ನೇ ನೋಡಿ. ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ರಾಜ್ಯ ಕೇಂದ್ರದಿಂದ ಕೇಳಿದ್ದು 18 ಸಾವಿರ ಕೋಟಿಗೂ ಮೇಲೆ, ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ ಬಂದದ್ದು ಸುಮಾರು 3,450 ಕೋಟಿ. ಅದಕ್ಕೆ ಮುಂಚೆ ರಾಜ್ಯವೇ ಮೊದಲ ಕಂತೆಂದು ರೈತರ ಖಾತೆಗೆ 2,000 ರೂಪಾಯಿವರೆಗೆ ಹಾಕಿತ್ತು. ತಿಂಗಳುಗಟ್ಟಲೆ ಮಾತೆಲ್ಲ ಈ ಅಂಕಿಗಳ ಸುತ್ತಲೇ ಗಿರಕಿ ಹೊಡೆಯಿತು. ಪರಿಹಾರ ಬೇಡವೆನ್ನಲು ನನಗೇನು ಹುಚ್ಚೇ? ಬೇಕು, ಸಕಾಲಕ್ಕೆ ಬೇಕು. ಮುಂದಿನ ಬರಕ್ಕೆ ಗದ್ದೆಯನ್ನು ಸಿದ್ಧಮಾಡುವ ಮಾತು ಮಾತ್ರ ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ, ಅಷ್ಟೇ.

ಗದ್ದೆಯನ್ನು ಸಿದ್ಧಮಾಡುವುದೆಂದರೆ ಏನು ಎಂಬುದಕ್ಕೆ ಒಂದು ಪೈಪಿನ ಕಥೆ ಹೇಳಬೇಕು.

ನೀರು ನಿಂತ ಭತ್ತದ ಗದ್ದೆಯ ಮಣ್ಣಿನಲ್ಲಿ ಆಮ್ಲಜನಕ ಇರುವುದಿಲ್ಲ. ಅಲ್ಲಿ ಬದುಕುವ ಸೂಕ್ಷ್ಮಜೀವಿಗಳು ಕೊಳೆಯುವ ಹುಲ್ಲು-ಬೇರುಗಳಿಂದ ಮೀಥೇನ್ ಅನಿಲ ಮಾಡುತ್ತವೆ. ಭತ್ತದ ದಂಟಿನೊಳಗಿನ ಪೊಳ್ಳು ನಾಳಗಳೇ ಚಿಮಣಿಯಾಗಿ ಆ ಅನಿಲ ಮೇಲಕ್ಕೆ ಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ 28 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಆ ಬಿಸಿ ತಿರುಗಿ ಭತ್ತಕ್ಕೇ ಹೊಡೆಯುತ್ತದೆ: ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಹೊಲಗಳ ದಾಖಲೆಯ ಪ್ರಕಾರ, ಬೆಳೆ ಕಾಲದ ರಾತ್ರಿಯ ಉಷ್ಣಾಂಶ ಒಂದು ಡಿಗ್ರಿ ಏರಿದರೆ ಇಳುವರಿ ನೂರಕ್ಕೆ ಹತ್ತರಷ್ಟು ಬಿತ್ತು. ಪ್ರಕಟವಾದದ್ದು 2004ರಲ್ಲಿ.

ಇದಕ್ಕೆ ಸರಳ ಉಪಾಯ, ಗದ್ದೆಯನ್ನು ಒಮ್ಮೆ ತೋಯಿಸಿ ಒಮ್ಮೆ ಆರಿಸುವುದು. ಪಕ್ಕದಲ್ಲೆಲ್ಲ ತೂತು ಕೊರೆದ ಪೈಪಿನ ತುಂಡೊಂದನ್ನು ಗದ್ದೆಯಲ್ಲಿ ಹೂಳಬೇಕು. ಒಳಗಿನ ನೀರು ಮಣ್ಣಿನ ಮಟ್ಟಕ್ಕಿಂತ 15 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಚೋಟು, ಇಳಿಯುವವರೆಗೆ ನೀರು ಬಿಡಬಾರದು. ಹೂ ಬಿಡುವ ವಾರಗಳಲ್ಲಿ ಮಾತ್ರ ನೀರು ನಿಂತಿರಬೇಕು. ಹೀಗೆ ಮಾಡಿದರೆ ಮೀಥೇನ್ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ತಗ್ಗಬಹುದು, ನೀರೂ ಗಣನೀಯವಾಗಿ ಉಳಿಯುತ್ತದೆ, ಸರಿಯಾಗಿ ಮಾಡಿದರೆ ಇಳುವರಿಗೆ ಪೆಟ್ಟಿಲ್ಲ. ನಾನು ಉತ್ಸಾಹದಿಂದ ಪೈಪು ಕೊಯ್ದು, ತೂತು ಹಾಕಿ, ಚಿಕ್ಕಪ್ಪನ ಗದ್ದೆಯಲ್ಲಿ ನೆಟ್ಟು ಬಂದೆ. ಮುಂದಿನ ವಾರ ಹೋದಾಗ ಅದು ಕೊಟ್ಟಿಗೆಯ ಮೂಲೆಯಲ್ಲಿ ಗುದ್ದಲಿ, ಕುಡುಗೋಲುಗಳ ಜೊತೆ ನಿಂತಿತ್ತು.

“ನೀರು ಇಳಿಯಲಿ ಎಂದು ನಾನು ಕಾಯುತ್ತಾ ಕೂರುತ್ತೇನೆ. ಆಮೇಲೆ ಕಟ್ಟು ತಪ್ಪಿದರೆ ನಿನ್ನ ಪೈಪು ನೀರು ಕೊಡುತ್ತದೆಯೇನಪ್ಪ?” ಎಂದರು ಚಿಕ್ಕಪ್ಪ.

ನನ್ನ ಬಳಿ ಉತ್ತರವಿರಲಿಲ್ಲ. ಕಟ್ಟು ನೀರು ಎಂದರೆ ಸರದಿಯ ನೀರು. ಇಷ್ಟು ದಿನ ನಾಲೆ ಹರಿಯುತ್ತದೆ, ಇಷ್ಟು ದಿನ ನಿಲ್ಲುತ್ತದೆ. ಮುಂದಿನ ಸರದಿ ಹೇಳಿದ ದಿನಕ್ಕೆ ಬಂದೇ ಬರುತ್ತದೆ ಎಂಬ ಧೈರ್ಯವಿದ್ದವನು ಗದ್ದೆ ಆರಿಸುತ್ತಾನೆ. ಇಲ್ಲದವನು ಬಂದಾಗಲೇ ಬದು ತುಂಬ ನಿಲ್ಲಿಸಿಕೊಳ್ಳುತ್ತಾನೆ. ಮೇಲಿನ ಗದ್ದೆಯವನಿಗೆ ಕೆಳಗಿನವನ ಮೇಲೆ ದ್ವೇಷವೇನಿಲ್ಲ, ತಾನೊಬ್ಬ ಬಿಟ್ಟುಕೊಟ್ಟರೆ ನಡುವಿನವರು ಹೀರಿಬಿಡುತ್ತಾರೆ ಎಂಬ ಗುಮಾನಿ. ಆ 125 ದೇಶಗಳ ಅಧ್ಯಯನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಅಂಕಿಯೂ ಈ ಗುಮಾನಿಯದೇ. ತಿಂಗಳ ಆದಾಯದಲ್ಲಿ ನೂರಕ್ಕೆ ಒಂದು ರೂಪಾಯಿ ಹವಾಮಾನಕ್ಕಾಗಿ ಕೊಡಲು ಸಿದ್ಧರೆಂದವರು ನೂರಕ್ಕೆ 69. ನಿಮ್ಮ ದೇಶದಲ್ಲಿ ಇನ್ನೆಷ್ಟು ಜನ ಕೊಟ್ಟಾರು ಎಂದು ಕೇಳಿದಾಗ ಬಂದ ಅಂದಾಜು 43. ಎಲ್ಲರೂ ತಮ್ಮ ನೆರೆಯವನನ್ನು ಅವನು ಇರುವುದಕ್ಕಿಂತ ಜಿಪುಣನೆಂದು ಭಾವಿಸಿದ್ದಾರೆ. ಹಾಗೆ ಭಾವಿಸಿದವನು ಬೀದಿಗಿಳಿಯುವುದಿಲ್ಲ. ಬೀದಿ ಖಾಲಿ ಕಂಡ ಮಂತ್ರಿ ಜನರಿಗೆ ಇದು ಬೇಕಿಲ್ಲ ಎಂದುಕೊಳ್ಳುತ್ತಾನೆ.

ದೇಶಗಳ ನಡುವೆಯೂ ಮೇಲಿನ ಗದ್ದೆ, ಕೊನೇ ಗದ್ದೆಯ ವ್ಯಾಜ್ಯವೇ ನಡೆದಿರುವುದು. ಅಮೆರಿಕನ್ನನೊಬ್ಬ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ, ಭಾರತೀಯನ ಪಾಲು 2 ಟನ್ನಿನ ಆಸುಪಾಸು. ನಾವೇ ಏಕೆ ಮೊದಲು ಎಂಬ ನಮ್ಮ ಪ್ರಶ್ನೆ ನ್ಯಾಯವಾದದ್ದು. ನ್ಯಾಯವಾದ ಪ್ರಶ್ನೆಯನ್ನು ಕೆಲಸ ಮುಂದೂಡಲು ಬಳಸಿಕೊಳ್ಳುವವರೂ ಇದ್ದಾರೆ, ಅದು ಬೇರೆ ಮಾತು.

ಓಝೋನ್ ವಿಷಯದಲ್ಲಿ ಜಗತ್ತು ಗೆದ್ದಿತಲ್ಲ ಎಂದು ಕೆಲವರು ಕೇಳುತ್ತಾರೆ. ಗೆದ್ದಿತು, 1987ರ ಮಾಂಟ್ರಿಯಲ್ ಒಪ್ಪಂದ ಫಲ ಕೊಟ್ಟಿತು. ಅಲ್ಲಿ ಕೆಟ್ಟ ಅನಿಲ ತಯಾರಿಸುತ್ತಿದ್ದವರು ಬೆರಳೆಣಿಕೆಯ ಕಂಪನಿಗಳು, ಬದಲಿ ಅನಿಲವೂ ಕೈಗೆಟುಕುವಂತಿತ್ತು. ಕಲ್ಲಿದ್ದಲು, ಪೆಟ್ರೋಲು, ಸಿಮೆಂಟು, ಉಕ್ಕಿನ ಕಥೆ ಹಾಗಲ್ಲ. ಬದಲಾವಣೆಯಿಂದ ಕಳೆದುಕೊಳ್ಳುವವರು ಕೆಲವರೇ ಆದರೂ ಅವರಿಗೆ ಎಷ್ಟು ನಷ್ಟವೆಂಬುದು ಪೈಸೆ ಸಹಿತ ಗೊತ್ತು, ವಿಧಾನಸೌಧದ ದಾರಿಯೂ ಗೊತ್ತು. ಲಾಭ ಕೋಟ್ಯಂತರ ಜನರಿಗೆ ಚೂರುಚೂರಾಗಿ ಹಂಚಿಹೋಗುತ್ತದೆ, ಅವರಲ್ಲಿ ಬಹಳ ಮಂದಿ ಇನ್ನೂ ಹುಟ್ಟಿಲ್ಲ. ಹುಟ್ಟದವರು ಹೆದ್ದಾರಿ ತಡೆಯುವುದು ಹೇಗೆ?

ಕಾಗದದ ಕೊರತೆಯಂತೂ ಇಲ್ಲ. 2008ರಲ್ಲಿ ರಾಷ್ಟ್ರೀಯ ಕ್ರಿಯಾಯೋಜನೆ ಬಂತು, ಆಮೇಲೆ ರಾಜ್ಯಕ್ಕೂ ಒಂದು ಬಂತು. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವುದು ನಾಗರಿಕರ ಹಕ್ಕು ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು; ಹೇಳಿದ್ದು ಬಸ್ಟರ್ಡ್ ಎಂಬ ದೊಡ್ಡ ಹಕ್ಕಿಯ ಮೊಕದ್ದಮೆಯಲ್ಲಿ. ಗದ್ದೆಯ ವಿಷಯಕ್ಕೆ ಬಂದರೆ ನಾಲೆ ಒಂದು ಇಲಾಖೆಯದು, ಭತ್ತ ಇನ್ನೊಂದರದು, ಪಂಪ್‌ಸೆಟ್ಟಿನ ಕರೆಂಟು ಮತ್ತೊಂದರದು, ಹವಾಮಾನ ನಾಲ್ಕನೆಯದರದು. ನಾಲೆಗೆ ಕಾಂಕ್ರೀಟ್ ಹಾಕಿಸಿದರೆ ಅಡಿಗಲ್ಲು ಉಂಟು, ಹೆಸರು ಕೆತ್ತಿಸಬಹುದು. ಹೇಳಿದ ದಿನ, ಹೇಳಿದ ಹೊತ್ತಿಗೆ ಕಟ್ಟು ಬಿಡಿಸುವುದಕ್ಕೆ ಅಡಿಗಲ್ಲು ಎಲ್ಲಿ ಇಡುವುದು?

2025ರಲ್ಲಿ ಕಟ್ಟೆ ಜೂನ್‌ನಲ್ಲೇ ತುಂಬಿದ್ದರಿಂದ ಚಿಕ್ಕಪ್ಪನ ಮನಸ್ಸು ಸ್ವಲ್ಪ ಸಡಿಲವಾಗಿತ್ತು. ಮನೆಯ ಹಿಂದಿನ ನಾಲ್ಕು ಗುಂಟೆಯಲ್ಲಿ ಪೈಪು ನೆಡಲು ಒಪ್ಪಿದರು, ನನ್ನ ಸಮಾಧಾನಕ್ಕೆ ಎಂದು ಚಿಕ್ಕಮ್ಮನಿಗೆ ಹೇಳಿದರಂತೆ. ಆಮೇಲೊಂದು ಭಾನುವಾರ ನಾನು ಹೋದಾಗ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಪೈಪಿನೊಳಗೆ ಹಂಚಿಕಡ್ಡಿ ಇಳಿಬಿಟ್ಟು ನೋಡುತ್ತಿದ್ದರು. ಕಡ್ಡಿಯ ಒದ್ದೆಯಾಗದ ಭಾಗವನ್ನು ಹೆಬ್ಬೆರಳು, ತೋರುಬೆರಳಿನಿಂದ ಅಳೆದರು. ಚೋಟಿಗೆ ಎರಡು ಬೆರಳು ಕಡಿಮೆ. ಗದ್ದೆಯ ಮೇಲ್ಮಣ್ಣು ಸಣ್ಣಗೆ ಬಿರುಕು ಬಿಟ್ಟಿತ್ತು. ಅವರು ಒಮ್ಮೆ ಬಿರುಕು ನೋಡಿದರು, ಒಮ್ಮೆ ನಾಲೆಯ ಕಡೆ ನೋಡಿದರು, ಜೇಬಿನಿಂದ ಮೊಬೈಲ್ ತೆಗೆದು ನೀರುಗಂಟಿಗೆ ಫೋನ್ ಹಚ್ಚಿದರು. ಆ ಕಡೆ ರಿಂಗಾಗುತ್ತಲೇ ಇತ್ತು.