ಗೋಡೆಯಾಚೆ ಕೇಳುವ ಬೇಸ್ ಒಳಗೇಕೆ ಕೇಳುವುದಿಲ್ಲ?

ಬೆಂಗಳೂರಿನ ಪಬ್ಬುಗಳಲ್ಲಿ ತಗ್ಗುಸ್ವರದ ಬೇಸ್ ಗಿಟಾರ್ ನುಡಿಸುವವನಿಗೆ ಒಂದೇ ರಾತ್ರಿ ಎರಡು ದೂರು ಬರುವುದು ಮಾಮೂಲು. ಎದುರು ಮೇಜಿನ ಗೆಳೆಯ ‘ಮಗಾ, ನೀನು ನುಡಿಸಿದ್ದೇ ಕೇಳಿಸಲಿಲ್ಲ’ ಅನ್ನುತ್ತಾನೆ. ಅಷ್ಟರಲ್ಲೇ ಮ್ಯಾನೇಜರ್ ಬಂದು, ‘ಸರ್, ಹಿಂದಿನ ಮನೆಯವರು ಫೋನ್ ಮಾಡ್ತಾನೇ ಇದ್ದಾರೆ, ಬೇಸ್ ಸ್ವಲ್ಪ ಕಮ್ಮಿ ಮಾಡಿ’ ಎಂದು ಕಿವಿಯಲ್ಲಿ ಹೇಳಿ ಹೋಗುತ್ತಾರೆ. ಇಬ್ಬರದೂ ನಿಜವೇ. ಹೊಸದಾಗಿ ಬ್ಯಾಂಡ್ ಕಟ್ಟಿಕೊಂಡ ಹುಡುಗರು ಮೊದಲ ಗಿಗ್ (ಕಾರ್ಯಕ್ರಮ) ಬಗ್ಗೆ ಕೇಳಲು ಬಂದರೆ ಯಾವ ಆಂಪ್ (ಗಿಟಾರಿನ ಸದ್ದು ಹೊರಡಿಸುವ ಸ್ಪೀಕರ್ ಪೆಟ್ಟಿಗೆ), ಯಾವ ಪೆಡಲ್ ಅಂತಲೇ ಮಾತು ತೆಗೆಯುತ್ತಾರೆ. ನಾನು ಮೊದಲು ಕೇಳುವುದು ಆ ಹಾಲ್ ಎಷ್ಟು ಉದ್ದ ಇದೆ ಅಂತ.

ಕಾರಣ ಇಷ್ಟೇ. ನಾಲ್ಕು ತಂತಿಯ ಬೇಸ್‌ನಲ್ಲಿ ಎಲ್ಲಕ್ಕಿಂತ ದಪ್ಪನೆಯ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಅದರ ಪಕ್ಕದ ಎ ತಂತಿ 55 ಸಲ. ಸೆಕೆಂಡಿಗೆ ಇಷ್ಟು ಸಲ ಎನ್ನುವ ಲೆಕ್ಕವೇ ಹರ್ಟ್ಜ್. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಹತ್ತಿರ ಹತ್ತಿರ 345 ಮೀಟರ್ ಓಡುತ್ತದೆ. ಭಾಗಿಸಿ ನೋಡಿದರೆ ಓಪನ್ ಎ ಸ್ವರದ (ಬೆರಳಿಂದ ಒತ್ತದೆ ಮೀಟಿದ ಎ ತಂತಿಯ) ಒಂದು ಅಲೆ ಆರೂಕಾಲು ಮೀಟರ್ ಉದ್ದ, ಇ ಸ್ವರದ್ದು ಎಂಟು ಮೀಟರಿಗೂ ಮೇಲೆ. ಮನೆಯೊಂದರ ಮೊದಲ ಮಹಡಿಯನ್ನು ಒಡೆದು ಮಾಡಿದ ಪಬ್ಬಿನ ಹಾಲ್ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಗೋಡೆಯಿಂದ ಗೋಡೆಗೆ ಆರೂಕಾಲು ಮೀಟರ್ ಇದ್ದರೆ ಎ ಸ್ವರ ಹಿಂದಿರುಗಿ ಬಂದು ತನ್ನ ಮೇಲೆ ತಾನೇ ಬೀಳುತ್ತದೆ. ಗೋಡೆಗೆ ಒರಗಿ ಕೂತವರಿಗೆ, ಹಾಲಿನ ನಟ್ಟನಡುವೆ ನಿಂತವರಿಗೆ ಅದು ಗುಂಯ್ ಅನ್ನುತ್ತದೆ. ಅಲ್ಲಿಂದ ಒಂದೂವರೆ ಮೀಟರ್ ಸರಿದು ನಿಂತರೆ ಅದೇ ಸ್ವರ ಮಾಯ. ಆಂಪಿನ ಗುಂಡಿ ತಿರುಗಿಸಿ ಇದನ್ನು ಸರಿಮಾಡಲು ಆಗುವುದಿಲ್ಲ, ಜೋರು ಮಾಡಿದರೆ ಗುಂಯ್ ಅನ್ನುವ ಕಡೆ ಇನ್ನಷ್ಟು ಗುಂಯ್ ಅನ್ನುತ್ತದೆ, ಅಷ್ಟೆ.

ಹಾಗಾಗಿ ಸೌಂಡ್‌ಚೆಕ್‌ನಲ್ಲಿ (ಷೋಗೆ ಮುಂಚಿನ ಸದ್ದಿನ ಪರೀಕ್ಷೆ) ಹಾಡು ನುಡಿಸುವ ಮುಂಚೆ ಇ ತಂತಿಯ ತಳದಿಂದ ಒಂದೊಂದೇ ಫ್ರೆಟ್ (ಗಿಟಾರಿನ ಕೊರಳ ಮೇಲಿನ ಲೋಹದ ಪಟ್ಟಿ) ಹತ್ತುತ್ತಾ, ಎಲ್ಲಾ ಸ್ವರವನ್ನೂ ಒಂದೇ ಬಲದಲ್ಲಿ ಮೀಟಿ. ಯಾವುದೋ ಒಂದೆರಡು ಸ್ವರ ಇದ್ದಕ್ಕಿದ್ದಂತೆ ಉಬ್ಬುತ್ತವೆ. ಅವನ್ನು ಸೆಟ್‌ಲಿಸ್ಟ್ ಚೀಟಿಯ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ. ಉಬ್ಬಿದ್ದು ಎ ಅಂತಿಟ್ಟುಕೊಳ್ಳೋಣ, ರಾಕ್ ಹಾಡುಗಳಲ್ಲಿ ಎಷ್ಟೋ ಗಿಟಾರ್‌ಗೆ ಸಲೀಸಾದ ಇ, ಎ ಶ್ರುತಿಯಲ್ಲೇ ಇರುವುದರಿಂದ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಓಪನ್ ತಂತಿ ಬಿಟ್ಟು ಇ ತಂತಿಯ ಐದನೇ ಫ್ರೆಟ್‌ನಲ್ಲಿ ಒತ್ತಿದರೂ ಅದೇ 55, ಏನೂ ಬದಲಾಗದು. ಡಿ ತಂತಿಯ ಏಳನೇ ಫ್ರೆಟ್‌ಗೆ ಹೋದರೆ ಒಂದು ಸ್ಥಾಯಿ ಮೇಲೆ, 110 ಆಗುತ್ತದೆ, ಅಲ್ಲಿ ಆ ರಂಪ ಬಹುಪಾಲು ಇರುವುದಿಲ್ಲ. ಕೆಳಗೇ ನುಡಿಸಬೇಕೆಂದಿದ್ದರೆ ಸ್ವರವನ್ನು ಮೊಟಕು ಮಾಡಿ. ಕೋಣೆ ಗುಂಯ್‌ಗುಟ್ಟಲು ಸ್ವರ ಸ್ವಲ್ಪ ಹೊತ್ತು ನಿಂತಿರಬೇಕು, ಎಡಗೈ ಬೆರಳನ್ನು ತಂತಿಯಿಂದ ಪೂರ್ತಿ ಎತ್ತದೆ ಹಗುರವಾಗಿ ಸಡಿಲಿಸಿ ನಾದ ಕಡಿದರೆ ಅದಕ್ಕೆ ಆ ಸಮಯ ಸಿಗುವುದಿಲ್ಲ. ಸ್ವರ ಎಲ್ಲಿ ಶುರುವಾಗುತ್ತದೆ ಎನ್ನುವುದನ್ನು ಎಲ್ಲರೂ ಅಭ್ಯಾಸ ಮಾಡುತ್ತಾರೆ. ಎಲ್ಲಿ ನಿಲ್ಲುತ್ತದೆ ಎನ್ನುವುದರಲ್ಲಿ ಪಬ್ಬಿನ ಬೇಸಿಸ್ಟ್‌ನ ಕಸುಬು ಗೊತ್ತಾಗುತ್ತದೆ.

ಇಲ್ಲೊಂದು ಹಳೆಯ ನಂಬಿಕೆಯ ಮಾತು. ಬೇಸ್‌ನ ಅಲೆ ಉದ್ದ, ಅದು ಪೂರ್ತಿ ಬಿಚ್ಚಿಕೊಳ್ಳಲು ಜಾಗ ಬೇಕು, ಅದಕ್ಕೇ ಆಂಪಿನ ಪಕ್ಕ ನಿಂತರೆ ಕೇಳುವುದಿಲ್ಲ ಎಂದು ಹೇಳುವವರಿದ್ದಾರೆ. ಹಾಗಿದ್ದರೆ ಹೆಡ್‌ಫೋನ್‌ನಲ್ಲಿ ಬೇಸ್ ಕೇಳಲೇಬಾರದಿತ್ತಲ್ಲ! ನಿಜ ಏನೆಂದರೆ, ನೆಲದ ಮೇಲಿಟ್ಟ ಆಂಪ್‌ನಿಂದ ಬೆರಳಿನ ಏಟು ಸ್ಪಷ್ಟವಾಗಿ ಕೇಳುವ ಮೇಲಿನ ಅಂಶವೆಲ್ಲ ನಿಮ್ಮ ಮೊಣಕಾಲಿಗೆ ಹೊಡೆಯುತ್ತದೆ, ಕಿವಿಗಲ್ಲ. ಅಡುಗೆಮನೆಯವರನ್ನು ಕೇಳಿ ಎರಡು ಖಾಲಿ ಬಿಯರ್ ಕ್ರೇಟ್ ತರಿಸಿ, ಆಂಪ್ ಅದರ ಮೇಲಿಡಿ. ಟೊಳ್ಳು ಮರದ ಸ್ಟೇಜ್ ಆಗಿದ್ದರೆ ಹಲಗೆ ನಡುಗುವುದೂ ತಗ್ಗುತ್ತದೆ. ಮೂಲೆಗೆ ಮಾತ್ರ ತಳ್ಳಬೇಡಿ, ಎರಡು ಗೋಡೆ ಒಂದು ನೆಲ ಸೇರಿ ತಗ್ಗುಸ್ವರವನ್ನೆಲ್ಲ ಉಬ್ಬಿಸುತ್ತವೆ.

ಇನ್ನು ಟೋನ್. ಮನೆಯಲ್ಲಿ ಒಬ್ಬನೇ ಕೂತು ನುಡಿಸುವಾಗ ಕೆಳಗಿನದನ್ನೂ ಮೇಲಿನದನ್ನೂ ಏರಿಸಿ, ನಡುವಿನದನ್ನು ಇಳಿಸಿದರೆ ಕಿವಿಗೆ ಹಬ್ಬ. ಬ್ಯಾಂಡಿನಲ್ಲಿ ಇದೇ ಸೆಟ್ಟಿಂಗ್ ಇಟ್ಟರೆ ನೀವು ಇಲ್ಲವೇ ಇಲ್ಲ. ತಳದ ಜಾಗದಲ್ಲಿ ಡ್ರಮ್ಮರ್ ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಕೂತಿರುತ್ತದೆ, ಮೇಲೆ ಸಿಂಬಲ್, ಗಿಟಾರ್. ನಿಮಗೆ ಉಳಿದಿರುವುದು ನಡುವಿನ ಜಾಗ. 40 ಹರ್ಟ್ಜ್‌ನಿಂದ ಕೆಳಗಿನದನ್ನು ಕತ್ತರಿಸಿ, 200–250ರ ಆಸುಪಾಸಿನ ಕೆಸರನ್ನು ಸ್ವಲ್ಪ ತೆಗೆಯಿರಿ, 700–800ರ ಸುತ್ತ ತುಸು ಏರಿಸಿ. ಒಂಟಿಯಾಗಿ ಕೇಳಿದರೆ ಇದು ಮೂಗಿನಲ್ಲಿ ಮಾತಾಡಿದ ಹಾಗಿರುತ್ತದೆ, ಹೆದರಬೇಡಿ. ಆ ನಡುಸ್ವರ ಕೇಳಿದರೆ ಸಾಕು, ಕೆಳಗಿನ ಮೂಲಸ್ವರವನ್ನು ಕೇಳುಗನ ಮಿದುಳೇ ತುಂಬಿಕೊಳ್ಳುತ್ತದೆ. ಮೊಬೈಲಿನ ಪುಟ್ಟ ಸ್ಪೀಕರ್‌ನಲ್ಲೂ ಬೇಸ್ ಯಾವ ಸ್ವರ ನುಡಿಸುತ್ತಿದೆ ಎಂದು ನಮಗೆ ಗೊತ್ತಾಗುವುದು ಹೀಗೇ.

ಸೌಂಡ್‌ಚೆಕ್ ಸಂಜೆ ಐದಕ್ಕೆ, ಖಾಲಿ ಕುರ್ಚಿಗಳ ಮುಂದೆ. ಒಂಬತ್ತಕ್ಕೆ ಹಾಲ್ ತುಂಬಿದಾಗ ಜನರ ಮೈ, ಬಟ್ಟೆಗಳು ಮೇಲಿನ ಶಬ್ದವನ್ನು ಹೀರಿಕೊಳ್ಳುತ್ತವೆ, ತಗ್ಗುಸ್ವರಕ್ಕೆ ಅದರಿಂದ ಹೆಚ್ಚೇನೂ ಆಗುವುದಿಲ್ಲ. ಸಂಜೆ ಸರಿಯಿದ್ದ ಬೇಸ್ ರಾತ್ರಿ ಮಂಕಾಗಿ ದಪ್ಪವಾಗುವುದು ಇದಕ್ಕೇ. ಖಾಲಿ ಹಾಲ್‌ನಲ್ಲಿ ಕೊಂಚ ಹರಿತ ಅನ್ನಿಸುವಂತೆಯೇ ಬಿಟ್ಟಿರಿ.

ಈಗ ಹಮ್, ಅಂದರೆ ಕರೆಂಟಿನಿಂದ ಸ್ಪೀಕರಿನಲ್ಲಿ ಕೇಳುವ ಗುಂಯ್ ಸದ್ದು. ನಮ್ಮ ಕರೆಂಟು 50 ಹರ್ಟ್ಜ್. ಇ ತಂತಿಯ ಮೂರನೇ ಫ್ರೆಟ್‌ನ ಜಿ ಸ್ವರ 49. ಅಂದರೆ ಭಾರತದಲ್ಲಿ ವೈರಿಂಗ್ ಕೆಟ್ಟ ಪಬ್ಬು ಸದಾ ಒಂದು ಬೇಸುರ ಜಿ ಹಾಡುತ್ತಲೇ ಇರುತ್ತದೆ. ಬಾರಿನ ಫ್ರಿಜ್, ಡಿಮ್ಮರ್ ಹಾಕಿದ ದೀಪ, ಸ್ಟೇಜಿನ ಹಿಂದಿನ ಎಲ್‌ಇಡಿ ಪರದೆ ಎಲ್ಲ ಸೇರಿ ಅದಕ್ಕೆ ಕುಮ್ಮಕ್ಕು. ಜಾಝ್ ಬೇಸ್ ಎಂಬ ಮಾದರಿಯ ಗಿಟಾರ್ ನಿಮ್ಮದಾಗಿದ್ದರೆ ಅದರ ಎರಡೂ ಪಿಕಪ್ (ತಂತಿಯ ಕಂಪನ ಹಿಡಿಯುವ ಸುರುಳಿ) ಪೂರ್ತಿ ತೆರೆದಿಡಿ, ಒಂದರ ಹಮ್ಮನ್ನು ಇನ್ನೊಂದು ಅಳಿಸುತ್ತದೆ. ಬೇಸನ್ನು ಮಿಕ್ಸರ್‌ಗೆ (ಎಲ್ಲರ ಸದ್ದು ಬೆರೆಸುವ ಯಂತ್ರ) ಜೋಡಿಸುವ ಡಿಐ ಬಾಕ್ಸ್ ಎಂಬ ಪುಟ್ಟ ಪೆಟ್ಟಿಗೆಯಲ್ಲಿ ಗ್ರೌಂಡ್ ಲಿಫ್ಟ್ ಎಂಬ ಸಣ್ಣ ಸ್ವಿಚ್ ಇರುತ್ತದೆ, ಅದನ್ನು ಒತ್ತಿ ನೋಡಿ. ಸಾಮಾನ್ಯವಾಗಿ ಇಷ್ಟರಲ್ಲಿ ಸುಮ್ಮನಾಗುತ್ತದೆ.

ಆಗದಿದ್ದಾಗ ಯಾರಾದರೊಬ್ಬರು ಟೂ-ಪಿನ್ ಅಡಾಪ್ಟರ್ ಹಿಡಿದು ಬರುತ್ತಾರೆ. ಆಂಪಿನ ಅರ್ಥ್ ಪಿನ್ ತಪ್ಪಿಸಿದರೆ ಹಮ್ ನಿಲ್ಲುತ್ತದೆ, ನಿಜ. ಆದರೆ ಬೇಸ್‌ನ ತಂತಿಗಳು ಬ್ರಿಡ್ಜ್ (ತಂತಿಗಳನ್ನು ಬುಡದಲ್ಲಿ ಹಿಡಿದಿಡುವ ಲೋಹದ ಭಾಗ) ಮೂಲಕ ಆಂಪಿನ ಅರ್ಥಿಂಗ್‌ಗೇ ಜೋಡಿಸಿರುತ್ತವೆ, ಮೈಕಿನ ಜಾಲರಿ ಮಿಕ್ಸರ್‌ನ ಅರ್ಥಿಂಗ್‌ಗೆ. ಆಂಪ್ ಒಳಗೆ ಏನಾದರೂ ಲೀಕ್ ಇದ್ದರೆ, ಕೋರಸ್ ಹಾಡಲು ನೀವು ಮೈಕಿಗೆ ತುಟಿ ತಾಗಿಸಿದ ಕ್ಷಣ 230 ವೋಲ್ಟ್‌ಗೆ ನೀವೇ ದಾರಿ. ಉತ್ಪ್ರೇಕ್ಷೆಯಲ್ಲ: 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರ್ ವಾದಕ ಲೆಸ್ ಹಾರ್ವಿ ಸ್ಟೇಜಿನ ಮೇಲೆ ಅರ್ಥ್ ಇಲ್ಲದ ಮೈಕ್ ಮುಟ್ಟಿ ತೀರಿಕೊಂಡರು. ನನ್ನ ಗಿಗ್ ಬ್ಯಾಗಿನಲ್ಲಿ ಹೆಚ್ಚುವರಿ ತಂತಿಯ ಜೊತೆಗೆ ಬೀದಿ ಅಂಗಡಿಯಲ್ಲಿ ಸಿಗುವ ಟೆಸ್ಟರ್ ಒಂದು ಇರಲೇಬೇಕು. ಮೈಕಿನ ಜಾಲರಿಗೆ, ಬೇಸ್‌ನ ಬ್ರಿಡ್ಜ್‌ಗೆ ಮುಟ್ಟಿಸಿ ನೋಡುತ್ತೇನೆ. ದೀಪ ಮಿನುಗಿದರೆ ಎಲೆಕ್ಟ್ರಿಷಿಯನ್ ಬರುವ ತನಕ ಯಾರೂ ಯಾವುದನ್ನೂ ಮುಟ್ಟುವ ಹಾಗಿಲ್ಲ. ಷೋ ತಡವಾದರೆ ಆಗಲಿ.

ಡ್ರಮ್ಮರ್ ಜೊತೆಗಿನ ಸಂಬಂಧದ ಬಗ್ಗೆ ಬರೆದವರು ಬಹಳ ಮಂದಿ, ನನ್ನದು ಒಂದೇ ಮಾತು: ಅವನ ಬಲಗಾಲು ಕಾಣುವ ಕಡೆ ನಿಂತುಕೊಳ್ಳಿ. ಗಿಟಾರ್ ತಂತಿ ಕಡಿದರೆ, ಗಾಯಕನಿಗೆ ಸಾಲು ಮರೆತರೆ, ಇಬ್ಬರೂ ಕಣ್ಣಲ್ಲೇ ಮಾತಾಡಿಕೊಂಡು ಹಾಡಿನ ಅದೇ ಎರಡು ಬಾರನ್ನು (ತಾಳದ ಆವರ್ತವನ್ನು) ಸುತ್ತುತ್ತಿರಬೇಕು. ಏಕತಾರಿಯ ತತ್ವಪದವನ್ನು ರಾಕ್ ಬಡಿತಕ್ಕೆ ಕೂರಿಸುವ ಕನ್ನಡ ಬ್ಯಾಂಡುಗಳಲ್ಲಿ ಇದು ಇನ್ನೂ ಸುಲಭ, ಒಂದೇ ಷಡ್ಜ ಹಿಡಿದು ನಿಂತರೂ ಹಾಡು ಕೆಡುವುದಿಲ್ಲ.

ಕೊನೆಗೆ ಹಿಂದಿನ ಮನೆಯವರ ವಿಷಯ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಣಿಜ್ಯ ಪ್ರದೇಶಕ್ಕೆ ಹಗಲು 65, ರಾತ್ರಿ 55 ಡೆಸಿಬೆಲ್. ವಸತಿ ಪ್ರದೇಶಕ್ಕೆ 55, 45. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಇಂದಿರಾನಗರದಂಥ ಕಡೆ ಮುಂದಿನ ರಸ್ತೆ ವಾಣಿಜ್ಯ, ಹಿಂದಿನ ಅಡ್ಡರಸ್ತೆ ಮನೆಗಳು. ಈ ಅಂಕಿಗಳೆಲ್ಲ ಡಿಬಿ-ಎ ಅಳತೆಯಲ್ಲಿವೆ. ಮನುಷ್ಯನ ಕಿವಿಗೆ ತಗ್ಗುಸ್ವರ ಕಡಿಮೆ ಕೇಳುತ್ತದೆ ಎಂದು ಆ ಮೀಟರ್ 50 ಹರ್ಟ್ಜ್ ಶಬ್ದವನ್ನು ಸುಮಾರು 30 ಡೆಸಿಬೆಲ್ ಕಮ್ಮಿ ಮಾಡಿ ತೋರಿಸುತ್ತದೆ. ಗೋಡೆಯಾದರೋ ಹೈ ಸ್ವರಗಳನ್ನು ತಡೆದು ಬೇಸನ್ನೇ ಆಚೆ ಬಿಡುತ್ತದೆ. ಮೀಟರ್‌ನಲ್ಲಿ ಎಲ್ಲ ಸರಿ, ಹಿಂದಿನ ಮನೆಯ ಕಿಟಕಿ ಗಾಜು ಮಾತ್ರ ನಡುಗುತ್ತಿರುತ್ತದೆ. ಲೈವ್ ಸಂಗೀತಕ್ಕೆ ಪೊಲೀಸ್ ಲೈಸೆನ್ಸ್ ಬೇಕೆಂದ 2005ರ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಾಗ ಊರಿನ ಎಷ್ಟೋ ಪಬ್ಬುಗಳಲ್ಲಿ ಲೈವ್ ಸಂಗೀತವೇ ನಿಂತುಹೋಗಿತ್ತು. ಆಗ ಗಿಗ್ ಕಳೆದುಕೊಂಡವರಲ್ಲಿ ನಾವೂ ಇದ್ದೆವು. ಆದರೂ ಕಿಟಕಿ ನಡುಗುವ ಮನೆಯವರ ಸಿಟ್ಟು ಸುಳ್ಳಲ್ಲ.

ಮ್ಯಾನೇಜರ್ ಬಂದು ಕಮ್ಮಿ ಮಾಡಿ ಅಂದರೆ ಒಟ್ಟು ವಾಲ್ಯೂಮ್ ಇಳಿಸಬೇಡಿ. ಇಳಿಸಿದರೆ ಮೊದಲು ಮಾಯವಾಗುವುದು ಬೇಸೇ. ಸೌಂಡ್ ಇಂಜಿನಿಯರ್‌ಗೆ ಹೇಳಿ ಸಬ್‌ವೂಫರ್‌ಗೆ (ತಗ್ಗುಸ್ವರಕ್ಕೆಂದೇ ಇರುವ ದೊಡ್ಡ ಸ್ಪೀಕರ್) ಹೋಗುವ ಬೇಸನ್ನು ನಿಲ್ಲಿಸಿ, 40ರಲ್ಲಿದ್ದ ಕತ್ತರಿಯನ್ನು 70–80ಕ್ಕೆ ಏರಿಸಿ. ಬೆರಳು ಬಿಟ್ಟು ಪಿಕ್ (ತಂತಿ ಮೀಟುವ ಪ್ಲಾಸ್ಟಿಕ್ ಚೂರು) ಹಿಡಿಯಿರಿ, ಬ್ರಿಡ್ಜ್ ಹತ್ತಿರ ಮೀಟಿ. ಆಮೇಲೆ ಮ್ಯಾನೇಜರ್ ಕೈಲಿ ಆ ಮನೆಗೆ ಒಂದು ಫೋನ್ ಮಾಡಿಸಿ, ಈಗ ಹೇಗಿದೆ ಅಂತ ಕೇಳಿಸಿ.