ಆಸ್ಪತ್ರೆಗೆ ಬಾರದ ಮಕ್ಕಳ ಮನಸ್ಸು ಗಟ್ಟಿಯೇ?

ಪ್ರಶ್ನೆ: ಅಮೆರಿಕದಲ್ಲಿ ಬಿಳಿಯ ಮಕ್ಕಳಿಗಿಂತ ಕಪ್ಪು ಮಕ್ಕಳು ಮನೋವೈದ್ಯರ ಬಳಿ ಹೋಗುವುದು ಕಡಿಮೆಯಂತೆ. ಅಂದರೆ ಕಷ್ಟ ಉಂಡು ಬೆಳೆದ ಮಕ್ಕಳ ಮನಸ್ಸು ಗಟ್ಟಿ ಎಂದಾಯಿತಲ್ಲವೇ? ನಮ್ಮ ಬೆಂಗಳೂರಿನ ಕೂಲಿಕಾರರ ಮಕ್ಕಳೂ ಹಾಗೆಯೇ ಇರಬೇಕಲ್ಲವೇ?

ಉತ್ತರ: ಅಲ್ಲ. ಎಷ್ಟು ಬಾರಿ ಉತ್ತರಿಸಿದರೂ ಈ ಪ್ರಶ್ನೆ ವೇಷ ಬದಲಿಸಿ ಮತ್ತೆ ಬರುತ್ತದೆ. ಈ ಸಲ ಬುಡದಿಂದಲೇ ಹೇಳುತ್ತೇನೆ.

ಮೊದಲ ಮಾತು ನಿಜ. ಅಮೆರಿಕದ 2006ರಿಂದ 2012ರವರೆಗಿನ ರಾಷ್ಟ್ರೀಯ ಸಮೀಕ್ಷೆಯ ಅಂಕಿಅಂಶಗಳನ್ನು ಜಾಲಾಡಿದ ಸಂಶೋಧಕರಿಗೆ, ಹೊರರೋಗಿಗಳಾಗಿ ಮಾನಸಿಕ ಚಿಕಿತ್ಸೆ ಪಡೆಯುವ ಕಪ್ಪು ಹಾಗೂ ಹಿಸ್ಪಾನಿಕ್ (ಲ್ಯಾಟಿನ್ ಅಮೆರಿಕ ಅಥವಾ ಸ್ಪೇನ್ ಮೂಲದ) ಮಕ್ಕಳ, ಯುವಜನರ ಪ್ರಮಾಣ ಬಿಳಿಯರದರ ಸುಮಾರು ಅರ್ಧದಷ್ಟು ಎಂದು ಕಂಡಿತು. ಎಲ್ಲರೂ ಇಲ್ಲಿಗೇ ಓದು ನಿಲ್ಲಿಸುತ್ತಾರೆ. ದಯವಿಟ್ಟು ಮುಂದಿನ ಸಾಲನ್ನೂ ಓದಿ. ತುರ್ತು ಚಿಕಿತ್ಸಾ ಘಟಕಕ್ಕೆ ಬರುವ, ಮನೋರೋಗ ವಾರ್ಡಿಗೆ ದಾಖಲಾಗುವ ಪ್ರಮಾಣ ಕಪ್ಪು ಮಕ್ಕಳಲ್ಲೂ ಬಿಳಿಯ ಮಕ್ಕಳಲ್ಲೂ ಹೆಚ್ಚುಕಡಿಮೆ ಒಂದೇ! ಮನಸ್ಸು ಗಟ್ಟಿಯಾಗಿದ್ದರೆ ವಾರ್ಡಿಗೆ ಏಕೆ ಸೇರಬೇಕಿತ್ತು? ತೊಂದರೆಯ ತೀವ್ರತೆ, ವಿಮೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ಹೊರರೋಗಿ ಚಿಕಿತ್ಸೆಯ ಅಂತರ ಕರಗಲಿಲ್ಲ. ಆಸ್ಪತ್ರೆಯ ದಾಖಲೆ ತೋರಿಸುವುದು ಬಾಗಿಲು ತಲುಪಿದವರನ್ನು ಮಾತ್ರ. ಮನೆಯಲ್ಲೇ ನರಳುತ್ತಿರುವ ಮಗು ಅದರಲ್ಲಿ ಇರುವುದೇ ಇಲ್ಲ.

ಬಾಗಿಲು ತಲುಪಬೇಕಾದರೆ ಮೊದಲು ಯಾರಾದರೂ ಗುರುತಿಸಬೇಕು. ತರಗತಿಯಲ್ಲಿ ಒಂದು ಕ್ಷಣ ಕೂರಲಾರದ ಒಬ್ಬ ಹುಡುಗನ ಪೋಷಕರಿಗೆ "ಒಮ್ಮೆ ಡಾಕ್ಟರಿಗೆ ತೋರಿಸಿ" ಎನ್ನುತ್ತಾರೆ. ಇನ್ನೊಬ್ಬನ ಪೋಷಕರಿಗೆ "ಟಿಸಿ ತೆಗೆದುಕೊಂಡು ಹೋಗಿ" ಎನ್ನುತ್ತಾರೆ. ಇಬ್ಬರದೂ ಅದೇ ಚಡಪಡಿಕೆ. ಅಮೆರಿಕದ ಸರ್ಕಾರ 2014ರಲ್ಲಿ ಪ್ರಕಟಿಸಿದ ಅಂಕಿಅಂಶದಲ್ಲಿ, ಕಪ್ಪು ವಿದ್ಯಾರ್ಥಿಗಳು ಶಾಲೆಯಿಂದ ಅಮಾನತಾಗುವ ಪ್ರಮಾಣ ಬಿಳಿಯರ ಮೂರು ಪಟ್ಟು ಇತ್ತು.

ಅಲ್ಲಿಯ ಜನಾಂಗದ ಲೆಕ್ಕವನ್ನು ಇಲ್ಲಿಯ ಜಾತಿಗೋ ವರ್ಗಕ್ಕೋ ಹಾಗೆಯೇ ಅಂಟಿಸಬೇಡಿ. ಆದರೆ ದಾರಿಯ ಅಡ್ಡಿಗಳು ನಮಗೂ ಗೊತ್ತಿರುವಂಥವೇ. ಯಾದಗಿರಿಯಿಂದ ಬಂದು ವರ್ತೂರಿನ ಕಡೆ ಶೆಡ್ಡಿನಲ್ಲಿರುವ ಗಾರೆ ಕೆಲಸದ ತಾಯಿಯನ್ನು ನೆನೆಯಿರಿ. ಮಗ ಊಟ ಬಿಟ್ಟಿದ್ದಾನೆ, ರಾತ್ರಿ ಬೆಚ್ಚಿ ಕಿರುಚುತ್ತಾನೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋದರೆ ಆ ದಿನದ ಕೂಲಿ ಹೋಯಿತು. ಮತ್ತೆ ಬರಲು ಹೇಳಿದರೆ ಇನ್ನೊಂದು ದಿನದ್ದೂ ಹೋಯಿತು. ತಾಯತ ಕಟ್ಟುವವರು ಶೆಡ್ಡಿನ ಪಕ್ಕದಲ್ಲೇ ಸಿಗುತ್ತಾರೆ, ಅವಳ ಮಾತಿನಲ್ಲೇ ಮಾತನಾಡುತ್ತಾರೆ. ಆಕೆಯನ್ನು ಮೂಢಳೆಂದು ಕರೆಯುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ. 7.3 ಮಂದಿಗೆ ಮಾನಸಿಕ ತೊಂದರೆಯಿತ್ತು. ಅವರೆಲ್ಲ ಉಳ್ಳವರ ಮನೆಯ ಮಕ್ಕಳೆಂದು ನಂಬುತ್ತೀರಾ?

ನೀವು ಕೇಳದಿದ್ದರೂ ಇನ್ನೊಂದು ಮಾತು ಹೇಳಬೇಕು. ಒಡಿಶಾದಿಂದಲೋ ನೇಪಾಳದಿಂದಲೋ ಬಂದ ಕುಟುಂಬ ಮಗನ ತೊಂದರೆ ಹೇಳಲು ವೈದ್ಯರ ಮುಂದೆ ಕುಳಿತಾಗ, ಕನ್ನಡ ಶಾಲೆಗೆ ಹೋಗುವ ಹಿರಿಯ ಮಗಳೇ ದುಭಾಷಿಯಾಗುತ್ತಾಳೆ. "ಅಪ್ಪ ಕುಡಿದು ಹೊಡೆಯುತ್ತಾರಾ?" ಎಂದು ವೈದ್ಯರು ತಮ್ಮನ ಬಗ್ಗೆ ಕೇಳಿದರೆ, ಪಕ್ಕದಲ್ಲೇ ಕುಳಿತ ಅಪ್ಪನ ಎದುರು ಆ ಹುಡುಗಿ ಏನು ಹೇಳಬೇಕು? ಹೇಳಿದರೂ ಕಷ್ಟ, ಮುಚ್ಚಿಟ್ಟರೂ ಕಷ್ಟ. ಇಂಥ ನೆರೆಯವರನ್ನು ನೀವು ಆಸ್ಪತ್ರೆಗೆ ಕರೆದುಕೊಂಡು ಹೋಗುವುದಾದರೆ, ಭಾಷೆ ಬಲ್ಲ ಸಿಬ್ಬಂದಿಯನ್ನು ಕೊಡಿ ಎಂದು ನೋಂದಣಿಯ ಕಿಟಕಿಯಲ್ಲೇ ಕೇಳಿ. ಹೊರಡುವ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿಸಿ. ಹಗಲಿರುಳೂ ಉಚಿತ, ಕನ್ನಡವಲ್ಲದೆ ಬೇರೆ ಭಾಷೆಗಳಲ್ಲೂ ಮಾತನಾಡುತ್ತಾರೆ. ಫೋನನ್ನು ತಾಯಿಯ ಕೈಗೇ ಕೊಡಿ.